ಕಾಣದ ಸಾಲು

ಸಿನಿಮಾ ಮಂದಿರದ ಟಿಕೆಟ್ ಕಿಟಕಿಯೆಂದರೆ ಒಂದು ಕಾಲಕ್ಕೆ ಗೋಡೆಯಲ್ಲಿ ಕೊರೆದ ರಂಧ್ರ. ಒಂದು ಕೈ ಹಿಡಿಸುವಷ್ಟೇ ಅದರ ಅಗಲ. ಆ ರಂಧ್ರದೊಳಕ್ಕೆ ಏಕಕಾಲದಲ್ಲಿ ಐದಾರು ಕೈಗಳು ನುಗ್ಗುತ್ತಿದ್ದವು. ಒಳಗೆ ಕುಳಿತ ಗುಮಾಸ್ತನಿಗೆ ಕಾಣುತ್ತಿದ್ದುದು ಮುಖಗಳಲ್ಲ, ಮುಷ್ಟಿಗಳು. ಯಾವ ಮುಷ್ಟಿ ಯಾರದು, ಯಾವ ಚಿಲ್ಲರೆ ಯಾರಿಗೆ ಸೇರತಕ್ಕುದು ಎಂಬುದನ್ನು ಆತ ಹೇಗೆ ಅರಿಯುತ್ತಿದ್ದನೋ ದೇವರೇ ಬಲ್ಲ. ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ಹೊಸ ಚಿತ್ರ ಬಂದ ದಿನ, ಅಂಗಿಯ ಎರಡು ಗುಂಡಿಗಳನ್ನು ಕಳೆದುಕೊಂಡು, ಬೆವರಿನಲ್ಲಿ ತೊಯ್ದು, ಅಂಗೈಯಲ್ಲಿ ಮಾತ್ರ ನಾಲ್ಕು ಗಾಂಧಿ ಕ್ಲಾಸ್ ಚೀಟಿಗಳನ್ನು ಭದ್ರವಾಗಿ ಹಿಡಿದು ಹೊರಬರುತ್ತಿದ್ದ ತರುಣನ ಮುಖದಲ್ಲಿದ್ದ ಕಳೆ, ಕೋಟೆ ಗೆದ್ದು ಬಂದ ಪಾಳೆಯಗಾರನ ಮುಖದಲ್ಲಿಯೂ ಇದ್ದಿರಲಾರದು. ವಯಸ್ಸಾದವರಿಗೆ ಆಗ ಕಷ್ಟವಿರಲಿಲ್ಲವೆಂದಲ್ಲ. ಅವರು ನೂಕುನುಗ್ಗಲು ಇಳಿಯುವವರೆಗೆ ಎರಡು ವಾರ ಸುಮ್ಮನಿರುತ್ತಿದ್ದರು. ಇಲ್ಲವೆ ಹೆಂಗಸರ ಸಾಲಿನಲ್ಲಿ ಮನೆಯಾಕೆಯನ್ನು ನಿಲ್ಲಿಸಿ ತಾವು ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದರು. ಚಿತ್ರಗಳು ನೂರು ದಿನ ಓಡುತ್ತಿದ್ದ ಕಾಲವಾದುದರಿಂದ ತಾಳ್ಮೆಗೂ ಒಂದು ಬೆಲೆಯಿದ್ದಿತು.

ಆ ರಂಧ್ರ ಈಗ ಬಹುಮಟ್ಟಿಗೆ ಮುಚ್ಚಿಹೋಗಿದೆ. ಮುಂಬಯಿಯಲ್ಲಿ 1999ರಲ್ಲಿ ಆರಂಭವಾದ ಒಂದು ಸಣ್ಣ ಸಂಸ್ಥೆ 2007ರಲ್ಲಿ ಬುಕ್‌ಮೈಶೋ ಎಂಬ ಹೆಸರು ತಾಳಿ, ದೇಶದ ಚಿತ್ರಮಂದಿರಗಳ ಟಿಕೆಟನ್ನು ಮನೆಯ ಕುರ್ಚಿಗೇ ತಂದಿಟ್ಟಿತು. ಅಮೆರಿಕದಲ್ಲಿ ಟಿಕೆಟ್‌ಮಾಸ್ಟರ್ ಎಂಬ ಸಂಸ್ಥೆ 1976ರಲ್ಲಿಯೇ ಗಣಕಯಂತ್ರದ ಮೂಲಕ ಟಿಕೆಟ್ ಮಾರುವ ಕೆಲಸಕ್ಕೆ ಕೈಹಾಕಿದ್ದಿತು. ಸಾಲು ಕಣ್ಮರೆಯಾಯಿತೆಂದು ಜನ ಹಿಗ್ಗಿದರು. ಸಾಲು ಎಲ್ಲಿಯೂ ಹೋಗಿರಲಿಲ್ಲ; ಕಣ್ಣಿಗೆ ಕಾಣದಾಯಿತು, ಅಷ್ಟೆ. ಹಿಂದಿನ ಸಾಲಿನಲ್ಲಿ ಮುಂದೆ ಎಷ್ಟು ತಲೆಗಳಿವೆಯೆಂದು ಎಣಿಸಬಹುದಾಗಿದ್ದಿತು. ನಡುವೆ ನುಸುಳಿದವನ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಳೆಯಬಹುದಾಗಿದ್ದಿತು. ಕಾಣದ ಸಾಲಿನಲ್ಲಿ ಇವೆರಡೂ ಸಾಧ್ಯವಿಲ್ಲ. ದೊಡ್ಡ ಕಛೇರಿಯೊಂದರ ಟಿಕೆಟುಗಳು ಮಾರಾಟಕ್ಕೆ ಬಂದಾಗ ಮೊದಲೇ ಬಂದು ಕಾದವರನ್ನೆಲ್ಲ ಒಂದು ಮಾಯಾ ಮೊಗಸಾಲೆಯಲ್ಲಿ ಕೂಡಿಸಿ, ಗಂಟೆ ಹೊಡೆದೊಡನೆ ಯಂತ್ರ ತನಗೆ ತೋಚಿದಂತೆ ಸಂಖ್ಯೆ ಹಂಚುತ್ತದೆ. ಮುಂಜಾನೆ ಬಂದವನಿಗೆ ಎರಡು ಲಕ್ಷದ ಸಂಖ್ಯೆ, ಹಲ್ಲುಜ್ಜುತ್ತ ಬಂದವನಿಗೆ ಇನ್ನೂರರ ಸಂಖ್ಯೆ! ಅದೂ ದಾಟಿದ ಬಳಿಕ ಆಸನಗಳ ನಕ್ಷೆ. ಆರಿಸಿದ ಆಸನವನ್ನು ಕೆಲವೇ ನಿಮಿಷ ತಡೆದಿಡುವ ಗಡಿಯಾರ ಮೂಲೆಯಲ್ಲಿ ಕೆಳಮುಖವಾಗಿ ಓಡುತ್ತದೆ. ಅಷ್ಟರಲ್ಲಿ ಬ್ಯಾಂಕಿನಿಂದ ಆರು ಅಂಕಿಗಳ ಗುಪ್ತಸಂಖ್ಯೆ ಬರಬೇಕು, ಅದನ್ನು ತಪ್ಪಿಲ್ಲದೆ ತುಂಬಬೇಕು. ಇಪ್ಪತ್ತರ ಬೆರಳು ಇದನ್ನೆಲ್ಲ ಉಸಿರಾಡುವಷ್ಟು ಸಹಜವಾಗಿ ಮಾಡುತ್ತದೆ. ಎಪ್ಪತ್ತರ ಬೆರಳು ಕನ್ನಡಕ ಹುಡುಕುವಷ್ಟರಲ್ಲಿ ಆಸನ ಕೈಜಾರಿರುತ್ತದೆ.

ವಯಸ್ಸಿನಿಂದ ವಯಸ್ಸಿಗೆ ಈ ಅಂತರ ಎಲ್ಲ ದೇಶಗಳಲ್ಲಿಯೂ ಉಂಟು. ಆದರೆ ಅದನ್ನು ತುಂಬಿಕೊಳ್ಳುವ ಬಗೆ ದೇಶದಿಂದ ದೇಶಕ್ಕೆ ಬೇರೆ. ಅವುಗಳಲ್ಲೆಲ್ಲ ಅತ್ಯಂತ ಕೌತುಕವಾದುದು ದಕ್ಷಿಣ ಕೊರಿಯದ ರೀತಿ.

ಅಲ್ಲಿ ಟ್ರಾಟ್ ಎಂಬುದೊಂದು ಹಳೆಯ ಧಾಟಿಯ ಹಾಡುಗಾರಿಕೆ. ಅದರ ಹೆಸರು ಪಾಶ್ಚಾತ್ಯರ ಫಾಕ್ಸ್‌ಟ್ರಾಟ್ ಕುಣಿತದಿಂದ ಬಂದುದು. ಎರಡೆರಡು ತಾಳದ ನಡಿಗೆ, ಊರು ಬಿಟ್ಟವರ ಕೊರಗು, ತಾಯಿಯ ನೆನಪು, ಕೊರಳಿನಲ್ಲೊಂದು ನಡುಕ, ಇವು ಅದರ ಲಕ್ಷಣ. ತರುಣರು ಇದನ್ನು ಮುದುಕರ ಸಂಗೀತವೆಂದು ಬಹುಕಾಲ ಮೂಲೆಗೊತ್ತಿದ್ದರು. 2020ರಲ್ಲಿ ದೂರದರ್ಶನದ ಟ್ರಾಟ್ ಸ್ಪರ್ಧೆಯೊಂದರಲ್ಲಿ ಲಿಮ್ ಯಂಗ್-ವೂಂಗ್ ಎಂಬ ಗಾಯಕ ಗೆದ್ದ. ಆಗ ಆತನ ವಯಸ್ಸು ಇನ್ನೂ ಮೂವತ್ತಾಗಿರಲಿಲ್ಲ. ಸಾಂಕ್ರಾಮಿಕದ ಭಯದಿಂದ ಮನೆಯೊಳಗೆ ಕುಳಿತಿದ್ದ ತಾಯಂದಿರು, ಅಜ್ಜಿಯರು ಆತನನ್ನು ಮನೆಯ ಮಗನೆಂದೇ ಭಾವಿಸಿಬಿಟ್ಟರು. ಅಭಿಮಾನಿಗಳ ಸಂಘ ಕಟ್ಟಿಕೊಂಡು ಆಕಾಶನೀಲಿಯ ಬಣ್ಣದ ಉಡುಪು ತೊಟ್ಟು ಬೀದಿಗಿಳಿದರು. ಅರುವತ್ತು ದಾಟಿದ ಗೃಹಿಣಿಯರು ಹದಿನಾರರ ಹುಡುಗಿಯರಂತೆ ಒಬ್ಬ ಹಾಡುಗಾರನಿಗಾಗಿ ಹಂಬಲಿಸುವುದನ್ನು ಕಂಡು ನಗುವವರೂ ಇದ್ದಾರು. ನಗುವವರು ಆ ಗೃಹಿಣಿಯರು ತಮ್ಮ ಹದಿನಾರನೆಯ ವಯಸ್ಸಿನಲ್ಲಿ ಏನು ಮಾಡುತ್ತಿದ್ದರೆಂಬುದನ್ನು ಒಮ್ಮೆ ನೆನೆಯಬೇಕು. ಅವರಲ್ಲಿ ಬಹುಮಂದಿ ಯುದ್ಧದಲ್ಲಿ ಬೆಂದ ದೇಶವನ್ನು ಕಾರ್ಖಾನೆಗಳಲ್ಲಿ ಕುಳಿತು ಹೊಲಿದು ಮೇಲೆತ್ತಿದವರು. ಹಂಬಲಿಸಲು ಆಗ ಪುರಸೊತ್ತು ಎಲ್ಲಿತ್ತು?

ಆತನ ಕಛೇರಿಯ ಟಿಕೆಟುಗಳು ಅಂತರಜಾಲಕ್ಕೆ ಬಂದರೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತವೆ. ಹಂಬಲ ತಾಯಿಯದು, ಬೆರಳಿನ ವೇಗ ಮಕ್ಕಳದು. ಹೀಗಾಗಿ ಕೊರಿಯದ ಭಾಷೆಯಲ್ಲಿ ಹೊಸ ನುಡಿಯೊಂದು ಹುಟ್ಟಿಕೊಂಡಿತು: ಹ್ಯೋದೋ ಟಿಕೆಟಿಂಗ್. ಹ್ಯೋ ಎಂದರೆ ಕನ್‌ಫ್ಯೂಶಿಯಸನ ಕಾಲದಿಂದ ಬಂದ, ಮಾತಾಪಿತೃಗಳ ಸೇವೆಯೆಂಬ ಮಹಾಧರ್ಮ. ನಮ್ಮಲ್ಲಿ ಶ್ರವಣಕುಮಾರ ಅಡ್ಡೆ ಹೊತ್ತು ನಡೆದ. ಅಲ್ಲಿಯ ಶ್ರವಣಕುಮಾರ ಗಣಕಯಂತ್ರದ ಮುಂದೆ ಕುಳಿತು ತಾಯಿಗೆ ಟಿಕೆಟ್ ಹಿಡಿಯುತ್ತಾನೆ. ಅದಕ್ಕೆ ಆತ ಮಾಡುವ ಸಿದ್ಧತೆಯೋ ಪರೀಕ್ಷೆಯ ಸಿದ್ಧತೆಯನ್ನೂ ಮೀರಿಸುವಂತಹುದು. ಮನೆಯ ತಂತಿಗಿಂತ ಚುರುಕಾದ ಸಂಪರ್ಕವಿರುತ್ತದೆಂದು ಹುಡುಗರು ಆಟವಾಡುವ ಗಣಕಕೇಂದ್ರಕ್ಕೆ ಹೋಗಿ ಬಾಡಿಗೆ ತೆರುತ್ತಾನೆ. ಟಿಕೆಟ್ ಮಾರುವ ಯಂತ್ರದ ಗಡಿಯಾರ ಸರಿಯಾಗಿ ಎಷ್ಟು ಸೆಕೆಂಡು ತೋರುತ್ತಿದೆಯೆಂದು ಹೇಳುವುದಕ್ಕೆಂದೇ ಅಲ್ಲಿ ಬೇರೊಂದು ಜಾಲತಾಣವಿದೆ. ಅದನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳುತ್ತಾನೆ. ತಂಗಿ ಒಂದು ಕಡೆ, ಸೋದರಳಿಯ ಇನ್ನೊಂದು ಕಡೆ, ಒಬ್ಬನಿಗೆ ತಪ್ಪಿದರೆ ಇನ್ನೊಬ್ಬನಿಗಾದರೂ ಸಿಕ್ಕೀತೆಂದು. ಈ ಹೋರಾಟಕ್ಕೆ ಕೊರಿಯದ ತರುಣರು ಇಟ್ಟ ಇನ್ನೊಂದು ಹೆಸರು ಪಿಕೆಟಿಂಗ್. ಪಿ ಎಂದರೆ ಅವರ ನುಡಿಯಲ್ಲಿ ರಕ್ತ. ರಕ್ತ ಹರಿಯುವ ಟಿಕೆಟ್ ಖರೀದಿ!

2024ರ ಮೇ ತಿಂಗಳಲ್ಲಿ ಸಿಯೋಲಿನ ವಿಶ್ವಕಪ್ ಕ್ರೀಡಾಂಗಣದಲ್ಲಿ ಆತ ಎರಡು ದಿನ ಹಾಡಿದ. ಕ್ರೀಡಾಂಗಣದ ಹುಲ್ಲು ಕೆಡಬಾರದೆಂದು ಮೈದಾನದ ಮೇಲೆ ಒಂದು ಕುರ್ಚಿಯನ್ನೂ ಹಾಕಿಸಲಿಲ್ಲ. ಅಂದರೆ ಮಾರಬಹುದಾಗಿದ್ದ ಆಸನಗಳನ್ನು ತಾನಾಗಿ ಕಡಿಮೆ ಮಾಡಿಕೊಂಡ. ಕಾಲ್ಚೆಂಡಿನ ಅಭಿಮಾನಿಗಳು ಆತನನ್ನು ಹೊಗಳಿದರು. ಟಿಕೆಟ್ ಸಿಗದ ತಾಯಂದಿರ ಮಕ್ಕಳು ಏನೆಂದರೋ!

ಈ ಕತೆಯ ಇನ್ನೊಂದು ಮುಖವನ್ನೂ ಹೇಳಬೇಕು. ಮಕ್ಕಳಿರುವ ತಾಯಿಗೆ ಟಿಕೆಟ್ ಸಿಕ್ಕಿತು. ಮಕ್ಕಳಿಲ್ಲದವಳ ಪಾಡೇನು? ಮಕ್ಕಳಿದ್ದೂ ಕೇಳಲು ಸಂಕೋಚಪಡುವವಳ ಪಾಡೇನು? ದಕ್ಷಿಣ ಕೊರಿಯದಲ್ಲಿ 2024ರ ಡಿಸೆಂಬರಿನಲ್ಲಿ ಅರುವತ್ತೈದು ದಾಟಿದವರು ಜನಸಂಖ್ಯೆಯ ಐದರಲ್ಲೊಂದು ಪಾಲಾದರು. ಅದೇ ವರ್ಷ ವೃತ್ತಿಪರ ಬೇಸ್‌ಬಾಲ್ ಪಂದ್ಯಗಳ ಪ್ರೇಕ್ಷಕರ ಸಂಖ್ಯೆ ಮೊಟ್ಟಮೊದಲ ಬಾರಿಗೆ ಒಂದು ಕೋಟಿಯನ್ನು ದಾಟಿತು. ತರುಣ ತರುಣಿಯರು ಕೈಯಂತ್ರದಲ್ಲಿಯೇ ಆಸನಗಳನ್ನೆಲ್ಲ ಬಾಚಿಕೊಂಡರು. ತಮ್ಮ ಊರಿನ ತಂಡವನ್ನು ಅದು ಸೋಲುತ್ತಿದ್ದ ಕಾಲದಿಂದಲೂ ನೋಡುತ್ತ ಬಂದ ಮುದುಕರು ಎಂದಿನಂತೆ ಕ್ರೀಡಾಂಗಣದ ಕಿಟಕಿಗೆ ಬಂದರೆ, ಅಲ್ಲಿ ಮಾರಲು ಒಂದು ಟಿಕೆಟೂ ಉಳಿದಿರುತ್ತಿರಲಿಲ್ಲ. ಒಳಗಿನಿಂದ ಕೇಳಿಬರುವ ಕೇಕೆಯನ್ನು ಆಲಿಸಿ ಹಿಂದಿರುಗಬೇಕು. ಕೊನೆಗೆ ಕೆಲವು ತಂಡಗಳು ಹಿರಿಯರಿಗೂ ಅಂಗವಿಕಲರಿಗೂ ಕಿಟಕಿಯಲ್ಲಿಯೇ ಮಾರಲೆಂದು ಒಂದಿಷ್ಟು ಟಿಕೆಟುಗಳನ್ನು ತೆಗೆದಿರಿಸಿದವು. ಸಂಖ್ಯೆ ದೊಡ್ಡದಲ್ಲ. ಆದರೂ ಕಿಟಕಿ ಮತ್ತೆ ತೆರೆಯಿತು.

ಜಪಾನಿನವರದು ಬೇರೆಯೇ ಜಾಡು. ಅವರು ಬೆರಳಿನ ವೇಗಕ್ಕೆ ಬೆಲೆ ಕೊಡುವುದನ್ನೇ ಬಹುಪಾಲು ಬಿಟ್ಟುಬಿಟ್ಟರು. ಬೇಡಿಕೆಯಿರುವ ಕಛೇರಿಗೆ ಕೆಲವು ದಿನಗಳ ಅವಧಿಯಲ್ಲಿ ಎಂದಾದರೂ ಅರ್ಜಿ ಹಾಕಬಹುದು. ಆಮೇಲೆ ಚೀಟಿ ಎತ್ತುತ್ತಾರೆ. ಅದೃಷ್ಟಕ್ಕೆ ವಯಸ್ಸಿಲ್ಲ. ಹಣ ತೆರುವುದಕ್ಕೂ ಚೀಟಿ ಪಡೆಯುವುದಕ್ಕೂ ಬೀದಿಯ ಕೊನೆಯಲ್ಲಿ ಹಗಲಿರುಳು ತೆರೆದಿರುವ ದಿನಸಿ ಮಳಿಗೆಯುಂಟು. ಲಾಸನ್ ಎಂಬ ಮಳಿಗೆಗಳಲ್ಲಿ ಲಾಪ್ಪಿ ಎಂಬ ಯಂತ್ರವಿದೆ. ಅದರಲ್ಲಿ ಸಂಖ್ಯೆ ಒತ್ತಿ, ಬಂದ ಕಾಗದವನ್ನು ಗಲ್ಲಾಪೆಟ್ಟಿಗೆಗೆ ಒಯ್ದರೆ, ಹಾಲು ಬ್ರೆಡ್ಡಿನೊಡನೆ ಟಿಕೆಟನ್ನೂ ಕೊಡುತ್ತಾರೆ. ಹಣವನ್ನು ನಾಣ್ಯದಲ್ಲಿ ಎಣಿಸಿಕೊಟ್ಟರೂ ಯಾರೂ ಹುಬ್ಬುಗಂಟಿಕ್ಕುವುದಿಲ್ಲ. ಮಿತಾಕಾ ಎಂಬಲ್ಲಿ 2001ರಲ್ಲಿ ತೆರೆದ ಜಿಬ್ಲಿ ವಸ್ತುಸಂಗ್ರಹಾಲಯದ ಟಿಕೆಟನ್ನು ಬಾಗಿಲಲ್ಲಿ ಮಾರುವುದೇ ಇಲ್ಲ. ಪ್ರತಿ ತಿಂಗಳ ಹತ್ತನೆಯ ತಾರೀಖು ಮುಂದಿನ ತಿಂಗಳ ಟಿಕೆಟುಗಳು ಲಾಸನ್ನಿನ ಮೂಲಕ ಮಾರಾಟಕ್ಕೆ ಬರುತ್ತವೆ. ಆ ಹತ್ತನೆಯ ತಾರೀಖು ಮಾತ್ರ ಅಲ್ಲಿಯೂ ಬೆರಳಿನ ಓಟವೇ, ಮರೆಯಬಾರದು. ಟಿಕೆಟನ್ನು ಹೆಚ್ಚು ಬೆಲೆಗೆ ಮರುಮಾರಾಟ ಮಾಡುವ ದಂಧೆಯನ್ನು ತಡೆಯಲು ಅಲ್ಲಿಯ ಸರ್ಕಾರ 2019ರ ಜೂನಿನಿಂದ ಜಾರಿಗೆ ತಂದ ಕಾಯಿದೆಯಲ್ಲಿ ಒಂದು ವರ್ಷದವರೆಗೆ ಸೆರೆಮನೆವಾಸ ಅಥವಾ ಹತ್ತು ಲಕ್ಷ ಯೆನ್‌ವರೆಗೆ ದಂಡ ಎಂದಿದೆ.

ಟೋಕಿಯೋವಿನ ಕಬುಕಿ ರಂಗಮಂದಿರದಲ್ಲಿ ಇಡೀ ದಿನದ ಆಟವನ್ನು ನೋಡಲಾರದವರು ಒಂದೇ ಅಂಕವನ್ನು ನೋಡಿ ಬರಬಹುದಾದ ಏರ್ಪಾಡಿದೆ. ನಾಲ್ಕನೆಯ ಮಹಡಿಯ ಆ ಆಸನಗಳಿಗೆ ಹಿಂದೆ ಅದೇ ದಿನ ಬಂದು ಸಾಲಿನಲ್ಲಿ ನಿಲ್ಲಬೇಕಾಗಿದ್ದಿತು. 2023ರಿಂದ ಹಿಂದಿನ ದಿನವೇ ಅಂತರಜಾಲದಲ್ಲಿ ಕಾಯ್ದಿರಿಸುವ ಪದ್ಧತಿ ಬಂದಿತು. ಆದರೂ ಕೆಲವು ಆಸನಗಳನ್ನು ಆ ದಿನದ ಕಿಟಕಿಗೆಂದು ಉಳಿಸಿಕೊಂಡರು. ಹೊಸತಿಗೆ ಬಾಗಿಲು ತೆರೆಯುವಾಗ ಹಳೆಯದಕ್ಕೆ ಒಂದು ಕಿಂಡಿ ಬಿಡುವ ಈ ಜಾಣ್ಮೆಯನ್ನು ನಮ್ಮ ಮಾಲೀಕರೂ ಕಲಿಯಬಹುದು.

ಚೀನಾದಲ್ಲಿ ಸಂಗತಿ ಸರ್ಕಾರದ ಕೈಯಲ್ಲಿ. 2023ರ ಸೆಪ್ಟೆಂಬರಿನಲ್ಲಿ ಬಂದ ನಿಯಮದಂತೆ ದೊಡ್ಡ ಕಛೇರಿಗಳ ಟಿಕೆಟಿಗೆ ನಿಜನಾಮ ಕಡ್ಡಾಯ. ಒಬ್ಬರ ಗುರುತಿನ ಚೀಟಿಗೆ ಒಂದೇ ಟಿಕೆಟು. ಅದಕ್ಕೂ ಮುಂಚೆ, 2020ರ ನವೆಂಬರಿನಲ್ಲಿ, ವೃದ್ಧರು ಹೊಸ ಯಂತ್ರಗಳಿಂದ ತೊಂದರೆಗೀಡಾಗಕೂಡದೆಂದೂ ಅವರಿಗಾಗಿ ಕಿಟಕಿಯ ಸೇವೆ, ನಗದು ಹಣ ಇವು ಉಳಿಯಬೇಕೆಂದೂ ಅಲ್ಲಿಯ ಸರ್ಕಾರ ಯೋಜನೆಯೊಂದನ್ನು ಹೊರಡಿಸಿದ್ದಿತು.

ಇನ್ನು ಪಶ್ಚಿಮಕ್ಕೆ ಬಂದರೆ, ಅಲ್ಲಿ ಸೋಲುವವನು ಬೆರಳು ನಿಧಾನವಾದವನಲ್ಲ, ಕಿಸೆ ಹಗುರವಾದವನು. ಜರ್ಮನಿಯ ಬೈರಾಯ್ಟ್ ಊರಿನಲ್ಲಿ 1876ರಲ್ಲಿ ಆರಂಭವಾದ ವಾಗ್ನರನ ಸಂಗೀತನಾಟಕೋತ್ಸವಕ್ಕೆ ಟಿಕೆಟ್ ಬೇಕಾದವರು ವರ್ಷವರ್ಷವೂ ಅರ್ಜಿ ಹಾಕುತ್ತ ಹತ್ತು ವರ್ಷದ ಆಸುಪಾಸು ಕಾಯಬೇಕಾಗಿದ್ದ ಕಾಲವೊಂದಿದ್ದಿತು. ಅಷ್ಟರಲ್ಲಿ ಅರ್ಜಿ ಹಾಕಿದ ತರುಣ ಬಕ್ಕತಲೆಯ ಗೃಹಸ್ಥನಾಗಿರುತ್ತಿದ್ದ. ಈಗ ಹತ್ತು ವರ್ಷದ ಕೆಲಸವನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ, ನಿಜ. ಇಂಗ್ಲೆಂಡಿನ ಓಯಸಿಸ್ ವಾದ್ಯಗೋಷ್ಠಿಯ ಕತೆ ಕೇಳಬೇಕು. 1996ರ ಆಗಸ್ಟಿನಲ್ಲಿ ನೆಬ್‌ವರ್ತ್ ಬಯಲಿನಲ್ಲಿ ಅವರು ಎರಡು ಸಂಜೆ ಹಾಡಿದಾಗ ಎರಡೂವರೆ ಲಕ್ಷ ಟಿಕೆಟುಗಳಿಗೆ ಇಪ್ಪತ್ತೈದು ಲಕ್ಷಕ್ಕೂ ಮಿಕ್ಕಿ ಜನ ಮುಗಿಬಿದ್ದರು. 2009ರಲ್ಲಿ ಅಣ್ಣತಮ್ಮಂದಿರು ಜಗಳವಾಡಿ ಗೋಷ್ಠಿ ಒಡೆಯಿತು. ಹದಿನೈದು ವರ್ಷಗಳ ಮೇಲೆ ರಾಜಿಯಾಗಿ 2024ರ ಆಗಸ್ಟ್ 31ರಂದು ಟಿಕೆಟ್ ಮಾರಾಟಕ್ಕೆ ಬಂದಿತು. ನೆಬ್‌ವರ್ತಿನ ದಿನ ಹದಿನೆಂಟರವನಾಗಿದ್ದವನಿಗೆ ಈಗ ನಾಲ್ವತ್ತಾರು. ಮಗನಿಗೊಂದು ಯಂತ್ರ, ಮಗಳಿಗೊಂದು ಯಂತ್ರ ಕೊಟ್ಟು, ಅಡಿಗೆಮನೆಯ ಮೇಜಿನ ಮೇಲೆ ತಾನೂ ಒಂದನ್ನು ಇಟ್ಟುಕೊಂಡು ದಿನವೆಲ್ಲ ಕಾದವರು ಸಾವಿರಾರು ಮಂದಿ. ಸರದಿ ಬರುವ ಹೊತ್ತಿಗೆ ಸುಮಾರು 150 ಪೌಂಡಿನ ಟಿಕೆಟು 355 ಪೌಂಡಾಗಿದ್ದಿತು. ಬೇಡಿಕೆ ಏರಿದಂತೆ ಬೆಲೆಯೂ ಏರುವ ಈ ಪದ್ಧತಿಯನ್ನು ಮಾರಾಟಗಾರರು ಚಲನಶೀಲ ಬೆಲೆ ಎನ್ನುತ್ತಾರೆ. ಕೆಂಪೇಗೌಡ ರಸ್ತೆಯಲ್ಲಿ ಇದನ್ನೇ ಲುಂಗಿಯುಟ್ಟವನೊಬ್ಬ ಗೋಡೆಯ ಮರೆಯಲ್ಲಿ ನಿಂತು ಮಾಡಿದರೆ ಪೊಲೀಸಿನವರು ಹಿಡಿದೊಯ್ಯುತ್ತಿದ್ದರು.

ಅಮೆರಿಕದಲ್ಲಿ ಇದೇ ಬಗೆಯ ಎರಡು ಪ್ರಸಂಗಗಳು ಒಂದೇ ವರ್ಷ ನಡೆದವು. 2022ರ ನವೆಂಬರ್ 15ರಂದು ಟೇಲರ್ ಸ್ವಿಫ್ಟ್ ಎಂಬ ಗಾಯಕಿಯ ಪ್ರವಾಸಕ್ಕೆ ಒಂದೇ ದಿನ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಟಿಕೆಟುಗಳು ಮಾರಾಟವಾಗಿ, ಯಂತ್ರ ಏದುಸಿರು ಬಿಟ್ಟು, ಮೂರು ದಿನಗಳ ಬಳಿಕ ನಡೆಯಬೇಕಾಗಿದ್ದ ಸಾರ್ವಜನಿಕ ಮಾರಾಟವನ್ನೇ ನಿಲ್ಲಿಸಿದರು. ಹುಡುಗಿಯರ ಕೂಗು ಎಷ್ಟು ಜೋರಾಗಿದ್ದಿತೆಂದರೆ ಮರು ಜನವರಿಯಲ್ಲಿ ಆ ದೇಶದ ಸೆನೆಟ್ಟಿನ ಸಮಿತಿಯೇ ವಿಚಾರಣೆಗೆ ಕುಳಿತಿತು. ಅದಕ್ಕೆ ನಾಲ್ಕು ತಿಂಗಳ ಮೊದಲು, ಜುಲೈಯಲ್ಲಿ, ಬ್ರೂಸ್ ಸ್ಪ್ರಿಂಗ್‌ಸ್ಟೀನನ ಕೆಲವು ಟಿಕೆಟುಗಳು ಇದೇ ಏರುಬೆಲೆಯಿಂದಾಗಿ ನಾಲ್ಕೈದು ಸಾವಿರ ಡಾಲರಿಗೆ ಹೋಗಿದ್ದವು. ಆತ 1949ರಲ್ಲಿ ಹುಟ್ಟಿದವನು. ಆತನ ಅಭಿಮಾನಿಗಳಲ್ಲಿ ನಿವೃತ್ತರೇ ಬಹಳ. ಅವರೂ ಕೂಗಾಡಿದರು. 1980ರಿಂದ ಆತನ ಹಾಡುಗಳ ಬಗೆಗೆಂದೇ ನಡೆದುಕೊಂಡು ಬಂದಿದ್ದ ಬ್ಯಾಕ್‌ಸ್ಟ್ರೀಟ್ಸ್ ಎಂಬ ಪತ್ರಿಕೆ, ಓದುಗರಿಗೆ ಇನ್ನು ಆ ಟಿಕೆಟ್ ಕೊಳ್ಳುವ ಶಕ್ತಿಯಿಲ್ಲ, ನಮಗೆ ಬರೆಯುವ ಉತ್ಸಾಹವಿಲ್ಲ ಎಂಬ ಭಾವದಿಂದ 2023ರ ಫೆಬ್ರವರಿಯಲ್ಲಿ ಬಾಗಿಲು ಮುಚ್ಚಿತು. ನಾಲ್ವತ್ತಮೂರು ವರ್ಷ ನಡೆದ ಪತ್ರಿಕೆ! ಹುಡುಗಿಯರ ಕೂಗಿಗೆ ಸೆನೆಟ್ ಎದ್ದಿತು. ಮುದುಕರು ಮನೆಗೆ ನಡೆದರು.

ಭಾರತದಲ್ಲಿ ಈ ಬಗೆಯ ಮಹಾಸಾಲನ್ನು ಜನ ಕಂಡುದು 2024ರ ಸೆಪ್ಟೆಂಬರ್ 22ರ ಭಾನುವಾರ. ಕೋಲ್ಡ್‌ಪ್ಲೇ ಎಂಬ ಇಂಗ್ಲೆಂಡಿನ ಗೋಷ್ಠಿ ಮರು ಜನವರಿಯಲ್ಲಿ ನವಿ ಮುಂಬಯಿಯಲ್ಲಿ ಹಾಡಲಿದ್ದಿತು. ಮಧ್ಯಾಹ್ನ ಹನ್ನೆರಡಕ್ಕೆ ಕಿಟಕಿ ತೆರೆದಾಗ ಕಾಣದ ಸಾಲಿನಲ್ಲಿ ಒಂದು ಕೋಟಿಗೂ ಹೆಚ್ಚು ಮಂದಿ ನಿಂತಿದ್ದರು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅಂದು ಭಾನುವಾರದ ಊಟ ಆರಿಹೋಯಿತು. ಅಮ್ಮ ಬಡಿಸಿ ಕರೆದರೆ, "ನನ್ನ ಮುಂದೆ ಇನ್ನೂ ಏಳು ಲಕ್ಷ ಜನ ಇದ್ದಾರೆ" ಎಂದು ಕೋಣೆಯಿಂದ ಉತ್ತರ. ಏಳು ಲಕ್ಷ ಜನ ಎಲ್ಲಿ ನಿಂತಿದ್ದಾರೆಂದು ಅಜ್ಜ ಕಿಟಕಿಯಿಂದ ಇಣುಕಿ ನೋಡಿದರೆ ಬೀದಿಯಲ್ಲಿ ಒಂದು ನಾಯಿ ಮಾತ್ರ ಮಲಗಿದ್ದಿತು.

ಅಜ್ಜನ ಪ್ರಶ್ನೆ ನಗುವಂತಹುದೇ ಸರಿ. ಆದರೆ ಅಜ್ಜ ಅಜ್ಜಿಯರಿಗೂ ನೋಡಬೇಕೆನಿಸುವ ಆಟಗಳುಂಟೆಂಬುದನ್ನು ಆ ಮನೆಗಳು ನೆನೆಯುವುದು ಅಪರೂಪ. ನ್ಯೂಜೆರ್ಸಿಯ ಮಗನ ಮನೆಗೆ ಹೋದ ತಂದೆತಾಯಿಗಳು 2022ರಲ್ಲಿ ಅಲ್ಲಿಯ ಮಂದಿರದಲ್ಲಿ 'ಕಾಂತಾರ' ನೋಡಿ ಕಣ್ಣೊರೆಸಿಕೊಂಡರೆಂದರೆ, ಟಿಕೆಟ್ ತೆಗೆದವನು ಮಗ, ಕಾರಿನಲ್ಲಿ ಕರೆದೊಯ್ದವನು ಮಗ. ಪರದೇಶದಲ್ಲಿ ಅದು ಸಹಜ. ಮಲ್ಲೇಶ್ವರದಲ್ಲಿಯೂ ಅದೇ ಆಗಿದೆಯೆಂಬುದು ಸ್ವಲ್ಪ ಯೋಚಿಸಬೇಕಾದ ಸಂಗತಿ.

ಮಲ್ಲೇಶ್ವರದ ಒಬ್ಬ ವೃದ್ಧೆ, ಗಂಡ ತೀರಿಕೊಂಡ ಮೇಲೆ, ಪಕ್ಕದ ಮನೆಯಾಕೆಯೊಡನೆ ತಿಂಗಳಿಗೊಮ್ಮೆ ಮಧ್ಯಾಹ್ನದ ಆಟಕ್ಕೆ ಹೋಗುವ ರೂಢಿಯಿಟ್ಟುಕೊಂಡಿದ್ದಳು. ಯಾರನ್ನೂ ಕೇಳಬೇಕಾಗಿರಲಿಲ್ಲ. ಪಿಂಚಣಿಯ ಹಣದಲ್ಲಿ ಒಂದು ನೋಟು, ಕೊಡೆ, ಕೈಚೀಲದಲ್ಲಿ ಹುರಿಗಡಲೆ. ಚಿತ್ರ ಕೆಟ್ಟದಾಗಿದ್ದರೆ ಅದು ಅವರಿಬ್ಬರ ಗುಟ್ಟು. ಹತ್ತಿರದ ಮಂದಿರ ಮುಚ್ಚಿತು. ಮಾಲ್ ಎಂಬ ಮಹಾಕಟ್ಟಡದ ಮಂದಿರದಲ್ಲಿ ಕಿಟಕಿಯಿದ್ದ ಕಡೆ ಯಂತ್ರಗಳು ನಿಂತವು. ಈಗ ಮಗನನ್ನು ಕೇಳಬೇಕು. ಮಗ ಸಜ್ಜನ. "ಆ ಚಿತ್ರವೆ? ವಿಮರ್ಶೆ ಚೆನ್ನಾಗಿಲ್ಲವಮ್ಮ" ಎಂದು ಹೇಳಿ ಬೇರೊಂದು ಒಳ್ಳೆಯ ಚಿತ್ರಕ್ಕೆ, ಕಾಲು ನೀಡಿಕೊಂಡು ಒರಗುವ ಆಸನಕ್ಕೆ, ಆಕೆಯ ವಾರದ ತರಕಾರಿಯ ಹಣವನ್ನು ತೆತ್ತ. ಆಸನದಲ್ಲಿ ಆಕೆಗೆ ನಿದ್ರೆ ಬಂದಿತು. ಸಂಜೆ ಮಗ ಚಿತ್ರ ಹೇಗಿತ್ತೆಂದು ಕೇಳಿದಾಗ ಚೆನ್ನಾಗಿತ್ತೆಂದಳು. ಮಗನಿಗೆ ಬಹಳ ಸಂತೋಷವಾಯಿತು. ಮುಂದಿನ ತಿಂಗಳು ಆಕೆ ಕೇಳಲಿಲ್ಲ. ಅದರ ಮುಂದಿನ ತಿಂಗಳೂ ಕೇಳಲಿಲ್ಲ.

ಇಂತಹ ಕೇಳದಿರುವಿಕೆಗೆ ಲೆಕ್ಕವಿಲ್ಲ. ಟಿಕೆಟ್ ಮಾರುವ ಸಂಸ್ಥೆಗಳ ಪುಸ್ತಕದಲ್ಲಿ ಎಪ್ಪತ್ತರವಳು ಕೊಂಡ ಟಿಕೆಟ್ ಮಗನ ಹೆಸರಿನಲ್ಲಿದೆ. ಆಕೆ ಕೊಳ್ಳದ ಟಿಕೆಟ್ ಯಾರ ಹೆಸರಿನಲ್ಲಿಯೂ ಇಲ್ಲ. ವೃದ್ಧರಿಗೆ ಮನರಂಜನೆಯಲ್ಲಿ ಆಸಕ್ತಿ ಕಡಮೆಯೆಂದು ಅಂಕಿಸಂಖ್ಯೆಯ ಪಂಡಿತರು ತೀರ್ಮಾನಿಸಿದರೆ ಆಶ್ಚರ್ಯವೇನು? 2025ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಚಿತ್ರದ ಟಿಕೆಟ್ ಬೆಲೆ 200 ರೂಪಾಯಿ ಮೀರಕೂಡದೆಂದು ನಿಯಮ ಮಾಡಿತು. ಅದೇ ತಿಂಗಳು ಉಚ್ಚ ನ್ಯಾಯಾಲಯ ಅದಕ್ಕೆ ತಡೆಯಾಜ್ಞೆ ಕೊಟ್ಟಿತು. ಬೆಲೆಯ ಬಗೆಗೆ ಇಷ್ಟೆಲ್ಲ ವಾದ ನಡೆದರೂ ಕಿಟಕಿಯ ಬಗೆಗೆ ಯಾರೂ ಅಷ್ಟಾಗಿ ಬಾಯಿ ಬಿಡಲಿಲ್ಲ.

ಆ ವೃದ್ಧೆಗೆ ನೆರವಾದವಳು ಮಹಡಿಯ ಮನೆಯ, ಹತ್ತನೆಯ ತರಗತಿಯ ಹುಡುಗಿ. ಮೆಟ್ಟಿಲ ಮೇಲೆ ಕುಳಿತು ತನ್ನ ತಾಯಿಯ ಯಂತ್ರದಲ್ಲಿ ಚಿತ್ರಗಳ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿದಳು. ವಿಮರ್ಶೆ ಹೇಗಿದೆಯೆಂದು ಹೇಳಲಿಲ್ಲ. ಅಜ್ಜಿ ಕೇಳಲೂ ಇಲ್ಲ. ಆಸನದ ನಕ್ಷೆಯನ್ನು ಮುಂದೆ ಹಿಡಿದಾಗ ಅಜ್ಜಿ ಕನ್ನಡಕ ಸರಿಪಡಿಸಿಕೊಂಡು, "ಬಾಗಿಲಿಗೆ ಹತ್ತಿರ, ಫ್ಯಾನಿನ ಕೆಳಗೆ ಬೇಡ" ಎಂದಳು. ಫ್ಯಾನುಗಳು ಈಗ ಇರುವುದಿಲ್ಲವೆಂದು ಹುಡುಗಿ ವಿವರಿಸಿದಳು. ಮೊತ್ತ ಬಂದಾಗ ತಕರಾರು ಎದ್ದಿತು. ಎರಡು ಟಿಕೆಟಿನ ಬೆಲೆಯ ಮೇಲೆ ಇದೇನು ಬೇರೆ ಹಣ? ಅನುಕೂಲದ ಶುಲ್ಕ, ಎಂದಳು ಹುಡುಗಿ. ಯಾರ ಅನುಕೂಲಕ್ಕೆ, ಎಂದಳು ಅಜ್ಜಿ. ಹುಡುಗಿಗೆ ಉತ್ತರ ತಿಳಿದಿರಲಿಲ್ಲ. ಆದರೂ ಅಜ್ಜಿ ಸೆರಗಿನ ಗಂಟು ಬಿಚ್ಚಿ ಆ ಹಣವನ್ನೂ ಸೇರಿಸಿ ಬಿಡಿಕಾಸಿನವರೆಗೆ ಎಣಿಸಿ ಹುಡುಗಿಯ ಅಂಗೈಯಲ್ಲಿಟ್ಟು, "ಚೀಟಿ ಎಲ್ಲಿ?" ಎಂದು ಕೈ ನೀಡಿದಳು. ಚೀಟಿಯಿರುವುದಿಲ್ಲ ಅಜ್ಜಿ, ಚಿತ್ರ ಕಳುಹಿಸುತ್ತೇನೆ, ತೋರಿಸಿದರೆ ಸಾಕು ಎಂದರೂ ನೀಡಿದ ಕೈ ಹಿಂದಕ್ಕೆ ಹೋಗಲಿಲ್ಲ. ಕೊನೆಗೆ ಹುಡುಗಿ ತನ್ನ ಗಣಿತದ ನೋಟ್‌ಪುಸ್ತಕದ ಕಡೆಯ ಹಾಳೆ ಹರಿದು, ಮಂದಿರದ ಹೆಸರು, ಆಟದ ಹೊತ್ತು, ಜಿ ಸಾಲು, 11 ಮತ್ತು 12 ಎಂದು ದುಂಡಗೆ ಬರೆದುಕೊಟ್ಟಳು. ಅಜ್ಜಿ ಅದನ್ನು ನಾಲ್ಕಾಗಿ ಮಡಿಸಿ ಕೈಚೀಲದ ಒಳಜೇಬಿಗೆ ಸೇರಿಸಿ, ಹುರಿಗಡಲೆ ತರಲು ಅಂಗಡಿಯ ಕಡೆ ಹೊರಟಳು.